ಶಿಕ್ಷೆ ಮುಗಿಸಿದವನು ಪಾಸ್ಟರ್ ಆಗಬಾರದೇ?



ಕೊಲೆ, ದರೋಡೆ ಮಾಡಿ ಜೈಲು ಕಂಡವನು ಶಿಕ್ಷೆ ಮುಗಿಸಿ ಬಂದು ಪಾಸ್ಟರ್ ಆದನೆಂದರೆ ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಜನ ಕೂಡಲೇ ಹೇಳುವುದು, ‘ಮಾಡಿದ್ದನ್ನು ಮುಚ್ಚಿಕೊಳ್ಳೋಕೆ ಬೈಬಲ್ ಹಿಡಿದವ್ನೆ’ ಎಂದು. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆಂದು ವಿಧಾನಸಭೆಯಲ್ಲಿ ಹೇಳಿದ ಮೇಲಂತೂ ಇಲ್ಲಿ ಪಾಸ್ಟರ್ ಎಂದರೆ ಅನುಮಾನ. ಅದರ ಜೊತೆಗೆ ಜೈಲಿನ ಹಣೆಪಟ್ಟಿಯೂ ಇದ್ದರೆ ಅವನ ಮಾತನ್ನು ಕೇಳುವವರೇ ಇಲ್ಲ. ಈ ಅವಸರದ ತೀರ್ಪನ್ನು ನಾನು ಒಪ್ಪುವುದಿಲ್ಲ.

ಮಠಗಳಿಗೆ ಹೆಸರಾದ ಜಿಲ್ಲೆ ಚಿತ್ರದುರ್ಗ. ಶರಣರ ಹೆಸರು ಹೇಳದೆ ಇಲ್ಲಿ ಒಂದು ಸಭೆಯೂ ಮುಗಿಯುವುದಿಲ್ಲ. ಕನ್ನ ಕೊರೆಯುತ್ತಿದ್ದ ಮಾರಿತಂದೆ ವಚನಕಾರನಾದ. ಕದಿಯಲೆಂದು ಮನೆಯೊಂದಕ್ಕೆ ನುಗ್ಗಿದ ಪೆದ್ದಣ್ಣ ಅಲ್ಲಿ ನಡೆಯುತ್ತಿದ್ದ ದೀಕ್ಷೆಯನ್ನು ಕಂಡು ಮನಸ್ಸು ಕರಗಿ, ಉರಿಲಿಂಗದೇವರ ಶಿಷ್ಯನಾಗಿ, ಅವರ ನಂತರ ಪೀಠಕ್ಕೇ ಏರಿದನೆಂದು ಪರಂಪರೆ ಹೇಳುತ್ತದೆ. ಉರಿಲಿಂಗಪೆದ್ದಿಗೆ ಕೈಮುಗಿಯುವ ನಾವು ಇನ್ನೊಂದು ಧರ್ಮದಲ್ಲಿ ಅಂಥದ್ದೇ ನಡೆದರೆ ನಾಟಕ ಎನ್ನುವುದು ಯಾವ ನ್ಯಾಯ? ಕೊಲೆಗಾಗಿ ಜೀವಾವಧಿ ಶಿಕ್ಷೆಯಾದವನು ಸಾಮಾನ್ಯವಾಗಿ 14 ವರ್ಷ ಒಳಗೆ ಕಳೆಯದೆ ಸನ್ನಡತೆಯ ಬಿಡುಗಡೆಗೂ ಅರ್ಹನಲ್ಲ. ಅಷ್ಟನ್ನೂ ಅನುಭವಿಸಿ ಬಂದವನಿಗೆ ಊರಿನವರು ಮತ್ತೊಂದು ಶಿಕ್ಷೆ ವಿಧಿಸಬಾರದು.

ಹೊರಗಿನ ಉದಾಹರಣೆಯೂ ಇದೆ. ಬ್ರಿಟನ್ನಿನಲ್ಲಿ ಸಚಿವರಾಗಿದ್ದ ಜೊನಾಥನ್ ಏಟ್ಕಿನ್ ಸುಳ್ಳುಸಾಕ್ಷ್ಯದ ಅಪರಾಧಕ್ಕೆ 1999ರಲ್ಲಿ ಜೈಲಿಗೆ ಹೋದರು. ಎರಡು ದಶಕದ ನಂತರ ಆಂಗ್ಲಿಕನ್ ಪಾದ್ರಿಯಾಗಿ ಲಂಡನ್ನಿನ ಪೆಂಟನ್‌ವಿಲ್ ಜೈಲಿನ ಕೈದಿಗಳ ಸೇವೆಗೇ ನಿಂತರು. ಅಷ್ಟು ವರ್ಷ ಕಾದದ್ದು ನನಗೆ ಮುಖ್ಯವಾಗಿ ಕಾಣುತ್ತದೆ.

ಆದರೆ ಕ್ರೈಸ್ತ ಸಭೆಗಳವರ ಬಗ್ಗೆಯೂ ನನಗೆ ತಕರಾರಿದೆ. ಕಥೊಲಿಕರಲ್ಲಿ ನಿಯಮ ಕಟ್ಟುನಿಟ್ಟು. ಬೇಕೆಂದೇ ಕೊಲೆ ಮಾಡಿದವನಿಗೆ ಗುರುದೀಕ್ಷೆಯಿಲ್ಲ. ವಿನಾಯಿತಿ ಕೊಡುವುದಾದರೆ ರೋಮ್ ಕೊಡಬೇಕು, ನಮ್ಮ ಜಿಲ್ಲೆ ಸೇರುವ ಶಿವಮೊಗ್ಗ ಧರ್ಮಪ್ರಾಂತ್ಯದ ಬಿಷಪ್‌ಗೂ ಆ ಅಧಿಕಾರವಿಲ್ಲ. ಯಾರ ಹಂಗೂ ಇಲ್ಲದ ಸಣ್ಣ ಸ್ವತಂತ್ರ ಸಭೆಗಳಲ್ಲಿ ಹೀಗೆ ತಡೆದು ವಿಚಾರಿಸುವವರು ಯಾರು? ದೀಕ್ಷಾಸ್ನಾನವಾದ ಸ್ವಲ್ಪ ದಿನಕ್ಕೇ ಕೈಗೆ ಮೈಕು ಬರುತ್ತದೆ. ಆಮೇಲೆ ‘ಸಾಕ್ಷಿ’. ‘ನಾನು ಎಂಥ ಪಾಪಿಯಾಗಿದ್ದೆ, ಕರ್ತನು ನನ್ನನ್ನು ಹೇಗೆ ಎತ್ತಿದನು’ ಎಂದು ಹೇಳುವಾಗ ಪಾಪ ದೊಡ್ಡದಾದಷ್ಟೂ ಜನರ ಹಲ್ಲೆಲೂಯ ಜೋರಾಗುತ್ತದೆ. ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಣ್ಣುಮಗಳು ಪಕ್ಕದ ಊರಿನಲ್ಲೇ ಇರಬಹುದು. ಧ್ವನಿವರ್ಧಕದಲ್ಲಿ ಆ ಸಾಕ್ಷಿ ಅವಳ ಕಿವಿಗೂ ಬೀಳುತ್ತದೆ. ಅವಳನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ? ದೇವರು ಕ್ಷಮಿಸಿದ್ದಾನೆ ಎನ್ನುವುದು ಸುಲಭ, ಅವಳ ಮನೆ ಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಲ್ಲುವುದು ಕಷ್ಟ.

ಕೇರಳದಿಂದ ಬಂದು ಮಧ್ಯಪ್ರದೇಶದಲ್ಲಿ ಬಡವರ ನಡುವೆ ಕೆಲಸ ಮಾಡುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರಲ್ಲಿ ಬಸ್ಸಿನಲ್ಲೇ ಇರಿದು ಕೊಂದರು. ಅವರ ತಂಗಿ, ತಾವೂ ಕನ್ಯಾಸ್ತ್ರೀಯಾದ ಸೆಲ್ಮಿ ಪೌಲ್, ಜೈಲಿಗೇ ಹೋಗಿ ಕೊಲೆಗಾರನಿಗೆ ರಾಖಿ ಕಟ್ಟಿದರು. 2006ರಲ್ಲಿ ಬಿಡುಗಡೆಯಾದ ಆತ ಪಾದ್ರಿಯಾಗಲಿಲ್ಲ, ಊರಿಗೆ ಮರಳಿ ಬೇಸಾಯಕ್ಕಿಳಿದ. ಆದರೂ ಅವನ ಪಶ್ಚಾತ್ತಾಪವನ್ನು ಸಂಶಯಿಸುವುದು ಕಷ್ಟ, ಏಕೆಂದರೆ ಕ್ಷಮೆ ಕೊಲೆಯಾದವರ ಮನೆಯಿಂದಲೇ ಬಂದಿತ್ತು.

ಸರ್ಕಾರದ ಪಾಲೂ ಇದೆ. 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ‘ಉತ್ತಮ ಜೀವನಶೈಲಿ’ಯ ಭರವಸೆಯೂ ಆಮಿಷ. ದಿಕ್ಕಿಲ್ಲದ ಕೈದಿಗೆ ಹೊಸ ಬಾಳಿನ ಮಾತು ಹೇಳಿದವರನ್ನು ಈ ಪದವೇ ಅಪರಾಧಿಯಾಗಿಸಬಲ್ಲದು. ಕಾಯ್ದೆ ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ್ದನ್ನು ನಾನು ಸ್ವಾಗತಿಸಿದವನು. ಹಾಗೆಯೇ, ಸನ್ನಡತೆಯ ಬಿಡುಗಡೆ ಪಟ್ಟಿ ಮಾಡುವಾಗ ಕೈದಿ ಯಾವ ದೇವರನ್ನು ಪ್ರಾರ್ಥಿಸುತ್ತಾನೆ ಎಂಬುದು ಅವನ ಪರವಾಗಿಯೂ ವಿರುದ್ಧವಾಗಿಯೂ ಲೆಕ್ಕಕ್ಕೆ ಬರಬಾರದು.

ನಮ್ಮ ಮೂರೂ ತಾಲ್ಲೂಕಿನ ಸಭಾ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು: ಶಿಕ್ಷೆಯಾಗಿದ್ದವನನ್ನು ಪಾಸ್ಟರ್ ಮಾಡುವ ಮುನ್ನ ತೀರ್ಪಿನ ಪ್ರತಿಯನ್ನು ನೀವೇ ಓದಿ, ಸಭೆಯವರಿಗೂ ತಿಳಿಸಿ. ನೊಂದ ಮನೆಯವರು ಒಪ್ಪದಿದ್ದರೆ ಅವರ ಊರಿನ ಸುತ್ತಮುತ್ತ ಅವನಿಗೆ ಸಭೆ ಕೊಡಬೇಡಿ. ದೂರದ ಊರಿಗೆ ಕಳಿಸಿ.

ನಿಮ್ಮ ಓದುಗ,
ಹೊಳಲ್ಕೆರೆ