ಸಸ್ಯಸಾರವೂ ಯಕೃತ್ತಿನ ರಕ್ಷಣೆಯೂ

ಕಳೆದ ವರ್ಷ ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆಯ ಜೊತೆಗೆ ಯಕೃತ್ತಿನಲ್ಲಿ ಕೊಬ್ಬೂ ಸೇರಿದೆಯೆಂದು ಸ್ಕ್ಯಾನಿಂಗಿನಲ್ಲಿ ತಿಳಿಯಿತು. ಮಧುಮೇಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೀಗಾಗುವುದುಂಟು. ಅದೇ ವಾರ, ಅಮೃತಬಳ್ಳಿಯ ಸಾರವು ಮಧುಮೇಹದಲ್ಲಿ ಯಕೃತ್ತನ್ನು ಕಾಪಾಡುವುದೆಂಬ ಇಂಗ್ಲಿಷ್ ಪ್ರಬಂಧವೊಂದು ನನ್ನ ಕಣ್ಣಿಗೆ ಬಿದ್ದಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. “ಬಿ.ಎ. ಓದ್ತಿದ್ದೀಯಲ್ಲಪ್ಪ, ಏನು ಬರೆದವ್ರೆ ಹೇಳು” ಎಂದರು ತಂದೆ. ನಾನು ಶೀರ್ಷಿಕೆಯನ್ನಷ್ಟೇ ಓದಿ ಹೇಳಿದೆ. ಮರುದಿನದಿಂದಲೇ ಬೇಲಿಯ ಬಳ್ಳಿ ಕಷಾಯವಾಗತೊಡಗಿತು.

ಪ್ರಬಂಧವನ್ನು ಪೂರ್ತಿ ಓದಿದ್ದು ತಿಂಗಳಾದ ಮೇಲೆ, ಓದಿ ನಾಚಿದೆನು. ಅದರಲ್ಲಿ ರೋಗಿಗಳೇ ಇರಲಿಲ್ಲ, ಇಲಿಗಳಿದ್ದವು. ಸ್ಟ್ರೆಪ್ಟೊಜೊಟೊಸಿನ್ ಎಂಬ ವಿಷವನ್ನು ಚುಚ್ಚಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದು, ಆ ಇಲಿಗಳಿಗೆ ಮಧುಮೇಹವನ್ನು ಬರಿಸಿದ್ದರು. ನಮ್ಮ ತಂದೆಗೆ ಅಂಥ ಚುಚ್ಚುಮದ್ದನ್ನು ಯಾರೂ ಕೊಟ್ಟಿಲ್ಲ; ಅವರದು ವರ್ಷಗಟ್ಟಲೆ ಮೆಲ್ಲಗೆ ಬಂದ ಕಾಯಿಲೆ. ಇನ್ನು ‘ಸಾರ’ವೆಂದರೆ ನಮ್ಮಮ್ಮ ಕುದಿಸುವ ಕಷಾಯವೂ ಅಲ್ಲ. ಒಣಗಿದ ಕಾಂಡದ ಪುಡಿಯನ್ನು ಆಲ್ಕೋಹಾಲಿನಲ್ಲಿ ನೆನೆಸಿ, ಅದನ್ನು ಆವಿಯಾಗಿಸಿ, ಉಳಿದ ಗಟ್ಟಿಯನ್ನು ದೇಹದ ತೂಕಕ್ಕೆ ಇಷ್ಟು ಮಿಲಿಗ್ರಾಮೆಂದು ತೂಗಿ ಕೊಟ್ಟಿದ್ದರು. ಕೆಲವು ವಾರಗಳ ಬಳಿಕ ಇಲಿಗಳ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಇಳಿದಿದ್ದವು. ಪ್ರಬಂಧ ಹೇಳುವುದು ಇಷ್ಟನ್ನೇ. ಅದು ಸುಳ್ಳಲ್ಲ, ಅದಕ್ಕೆ ಸುಳ್ಳು ಸೇರಿಸಿದವನು ನಾನು.

ಹಿರಿಯರು ಕುಡಿದು ಬಾಳಲಿಲ್ಲವೇ ಎಂದು ಮಿತ್ರರು ಕೇಳಬಹುದು. ನಮ್ಮಜ್ಜಿ ಜ್ವರಕ್ಕೆ ಮೂರು ದಿನ ಕೊಟ್ಟು ನಿಲ್ಲಿಸುತ್ತಿದ್ದಳು. ಮಾತ್ರೆಗಳ ಜೊತೆ ತಿಂಗಳುಗಟ್ಟಲೆ ಕುಡಿಸುತ್ತಿರಲಿಲ್ಲ. ಅಮೃತಬಳ್ಳಿಯನ್ನು ಸೇವಿಸಿದ ಆರು ಜನರಿಗೆ ಯಕೃತ್ತೇ ಕೆಟ್ಟ ಸಂಗತಿಯನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವರದಿ ಬಂದಿತು. ಆಯುಷ್ ಮಂತ್ರಾಲಯವು ಈ ಆರೋಪವನ್ನು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಕಾಪಾಡುವುದೆಂದು ನಾವು ಕುಡಿಸುವ ವಸ್ತುವಿನ ಬಗೆಗೇ ಇಂಥ ವಿವಾದವಿರುವಾಗ ಶೀರ್ಷಿಕೆಯನ್ನು ನೆಚ್ಚಬಹುದೇ?

ಹಾಗೆಂದು ಸಸ್ಯಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಂದೆಯವರು ದಿನವೂ ನುಂಗುವ ಮೆಟ್‌ಫಾರ್ಮಿನ್‌ನ ವಂಶವೇ ಯೂರೋಪಿನ ಗಾಲಿಗಾ ಎಂಬ ಗಿಡದ್ದು. ಆ ಗಿಡ ದನಕರುಗಳಿಗೆ ವಿಷ. ಅದರಲ್ಲಿನ ವಸ್ತುವಿನ ಜಾಡು ಹಿಡಿದು, ಹೋಲುವ ಬೇರೆ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ಫ್ರಾನ್ಸಿನ ಜಾನ್ ಸ್ಟೆರ್ನ್ ಎಂಬ ವೈದ್ಯನು ಮನುಷ್ಯರಿಗೆ ಕೊಟ್ಟು ನೋಡಿ 1957ರಲ್ಲಿ ಪ್ರಕಟಿಸಿದನು. ಗಿಡದಿಂದ ಮಾತ್ರೆಯವರೆಗೆ ಅಷ್ಟು ದೂರ ನಡೆಯಬೇಕಾಯಿತು. ನಮ್ಮ ಬಳ್ಳಿಗಳೂ ನಡೆಯಲಿ. ಅವು ದಾರಿಯಲ್ಲಿರುವಾಗಲೇ ಊರು ಸೇರಿದವೆಂದು ಸಾರುವುದು ಬೇಡ.

ವಿಜ್ಞಾನ ಬಲ್ಲವರು ಇಂಥ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ, ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯನ ಮೇಲೋ ಎಂಬುದನ್ನು ಮೊದಲನೆಯ ಸಾಲಿನಲ್ಲೇ ತಿಳಿಸಬೇಕೆಂದು ನನ್ನ ಬಿನ್ನಹ. ಅನೇಕ ಮನೆಗಳಲ್ಲಿ ಓದಿ ಹೇಳುವವನು ಒಬ್ಬನೇ ಇರುತ್ತಾನೆ, ಅವನೂ ನನ್ನಂತೆ ಅವಸರದವನಿರಬಹುದು.

ವೈದ್ಯರ ಮಾತಿನಂತೆ ತಂದೆಯವರು ಕಷಾಯ ಬಿಟ್ಟು, ತೂಕವಿಳಿಸಲು ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದಾರೆ. “ಅವತ್ತು ನೀನೇ ಓದಿದ್ದಲ್ಲಪ್ಪ?” ಎಂದು ಈಗಲೂ ಒಮ್ಮೊಮ್ಮೆ ಕೇಳುತ್ತಾರೆ.