ಹತ್ತು ಕೃತಿಗಳ ಪಟ್ಟಿ: ಆಯ್ಕೆಯ ಒರೆಗಲ್ಲು

ಸಂಗೀತದ ಕೇಳುಗನೊಬ್ಬ ತನ್ನ ಪಾಲಿಗೆ ಬಿಡಲಾಗದ ಕೃತಿಗಳು ಯಾವುವು ಎಂದು ಪಟ್ಟಿ ಮಾಡಿಕೊಳ್ಳುವುದು ಹೊಸತೇನಲ್ಲ. ಆದರೆ ಈಚೆಗೆ ಈ ಅಭ್ಯಾಸದ ವಿರುದ್ಧ ಒಂದು ಮಾತು ಚಾಲ್ತಿಗೆ ಬಂದಿದೆ: ಸಾವಿರಾರು ಕೃತಿಗಳು ಮೊಬೈಲಿನಲ್ಲೇ ಸಿಗುವಾಗ ಹತ್ತನ್ನು ಆರಿಸಿ ಕೂರುವ ಗೊಡವೆ ಯಾಕೆ? ಕೇಳಲು ಉದಾರವೆನಿಸುವ ಈ ಮಾತು ಬಹಳ ಮೇಲುಮೇಲಿನದು. ಕೈಗೆ ಸಿಗುವುದು ಹೆಚ್ಚಿದಷ್ಟೂ ಆರಿಸುವ ಹೊಣೆಯೂ ಹೆಚ್ಚುತ್ತದೆ. ಒಂದು ಕೃತಿಯನ್ನು ಐವತ್ತು ಸಲ ಕೇಳಿದವನಿಗೆ ತಿಳಿಯುವುದು ಐವತ್ತು ಕೃತಿಗಳನ್ನು ಒಂದೊಂದು ಸಲ ಕೇಳಿದವನಿಗೆ ತಿಳಿಯುವುದಿಲ್ಲ.

ಹಾಗಾದರೆ ಪಟ್ಟಿಗೆ ಬೇಕಾದದ್ದು ಒಂದು ಒರೆಗಲ್ಲು. ಈ ಕೃತಿಯನ್ನು ತೆಗೆದರೆ, ಉಳಿದ ಯಾವುದೂ ತುಂಬಲಾಗದ ಜಾಗವೊಂದು ಖಾಲಿ ಉಳಿಯುತ್ತದೆಯೇ ಎಂಬುದೇ ಆ ಪ್ರಶ್ನೆ. ವಾಗ್ಗೇಯಕಾರರ ಕೀರ್ತಿ, ಕೃತಿಯ ಜನಪ್ರಿಯತೆ, ಊರಿನ ಅಭಿಮಾನ, ಇವೆಲ್ಲ ಈ ಪ್ರಶ್ನೆಯ ಮುಂದೆ ಎರಡನೆಯ ಮಾತು. ಪಠ್ಯಪಟ್ಟಿಗೂ ಇಂಥ ಪಟ್ಟಿಗೂ ವ್ಯತ್ಯಾಸವಿರುವುದೂ ಇಲ್ಲಿಯೇ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಪಠ್ಯಕ್ಕೆ ಎಲ್ಲ ಪ್ರಕಾರಗಳೂ, ಎಲ್ಲ ಮುಖ್ಯ ರಾಗತಾಳಗಳೂ ಬರಬೇಕು. ಅದು ವಿದ್ಯಾರ್ಥಿಯನ್ನು ತಯಾರು ಮಾಡುವ ಕ್ರಮ. ಕೇಳುಗನ ಪಟ್ಟಿಗೆ ಆ ಬಾಧ್ಯತೆ ಇಲ್ಲ. ಅದು ಬಿಡುತ್ತಾ ಹೋಗಬೇಕು.

ಮೊದಲ ತೊಡಕು ಎದುರಾಗುವುದು ಕೃತಿ ಎಂದರೆ ಯಾವುದು ಎಂಬಲ್ಲಿ. ಪಾಶ್ಚಾತ್ಯ ಸಂಗೀತದಲ್ಲಿ ಬೀಥೋವನ್ನನ ಐದನೆಯ ಸಿಂಫನಿ ಎಂದರೆ ಅಚ್ಚಾದ ಸ್ವರಲಿಪಿ ಇದೆ. ವಾದ್ಯವೃಂದ ಬದಲಾದರೂ ಬರಹ ಬದಲಾಗದು. ಕರ್ನಾಟಕ ಸಂಗೀತದಲ್ಲಿ ಕೃತಿ ಇರುವುದು ಪಾಠಾಂತರದಲ್ಲಿ, ಗುರುವಿನಿಂದ ಶಿಷ್ಯನಿಗೆ ಬಂದ ರೂಪದಲ್ಲಿ. ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿಯ ‘ವಾತಾಪಿ ಗಣಪತಿಂ’ ಇದಕ್ಕೆ ಒಳ್ಳೆಯ ನಿದರ್ಶನ. ಇಂದಿನ ಕಚೇರಿಗಳಲ್ಲಿ ಕೇಳುವ ಸಂಗತಿಗಳ ಉದ್ದನೆಯ ಸಾಲು, 1904ರಲ್ಲಿ ಸುಬ್ಬರಾಮ ದೀಕ್ಷಿತರು ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಇಲ್ಲ. ಮುಂದಿನ ಗಾಯಕರು ಅದನ್ನು ಬೆಳೆಸಿದರು. ದಾಸರ ಪದಗಳಲ್ಲಿ ಈ ತೊಡಕು ಇನ್ನೂ ದೊಡ್ಡದು. ಪುರಂದರದಾಸರು ಹಾಡಿದ ಮಟ್ಟುಗಳು ಹೆಚ್ಚಿನವು ನಮಗೆ ಉಳಿದಿಲ್ಲ. ಒಂದೇ ಪದ ಒಬ್ಬರ ಬಾಯಲ್ಲಿ ಮಧ್ಯಮಾವತಿ, ಇನ್ನೊಬ್ಬರ ಬಾಯಲ್ಲಿ ಶ್ರೀರಾಗ. ಆದ್ದರಿಂದ ಕರ್ನಾಟಕ ಸಂಗೀತದ ಪಟ್ಟಿಯಲ್ಲಿ ಕೃತಿಯ ಹೆಸರಿನ ಜೊತೆಗೆ ಯಾವ ಬಾನಿಯಲ್ಲಿ, ಯಾರ ಪಾಠಾಂತರದಲ್ಲಿ ಎಂಬುದೂ ಸೇರಬೇಕು. ಸೇರದಿದ್ದರೆ ಅದು ಸಾಹಿತ್ಯದ ಪಟ್ಟಿಯಾಗುತ್ತದೆಯೇ ಹೊರತು ಸಂಗೀತದ್ದಾಗುವುದಿಲ್ಲ.

ಎರಡನೆಯದು, ಕೃತಿಗೂ ರಾಗಕ್ಕೂ ಇರುವ ನಂಟು. ಕೆಲವು ರಾಗಗಳನ್ನು ನಾವು ಅರಿಯುವುದೇ ಕೃತಿಗಳ ಮೂಲಕ. ಖರಹರಪ್ರಿಯ ಇಂದು ದೊಡ್ಡ ರಾಗ. ಅದಕ್ಕೆ ಆ ಸ್ಥಾನ ಬಂದದ್ದು ತ್ಯಾಗರಾಜರಿಂದ. ದೀಕ್ಷಿತರ ಪರಂಪರೆಯ ಮೇಳಪದ್ಧತಿಯಲ್ಲಿ ಆ ಜಾಗದಲ್ಲಿರುವುದು ಶ್ರೀರಾಗ. ‘ಚಕ್ಕನಿ ರಾಜ’ದ ಪಲ್ಲವಿಯಲ್ಲಿ ಒಂದರ ಮೇಲೊಂದು ಸಂಗತಿ ಬರುವಾಗ ರಾಗ ಕಣ್ಣೆದುರಿಗೇ ಬೆಳೆಯುತ್ತದೆ. ಅದನ್ನು ತೆಗೆದರೆ ಒಂದು ರಾಗದ ಹುಟ್ಟನ್ನೇ ತೆಗೆದಂತೆ. ಇಂಥ ಕೃತಿ ಪಟ್ಟಿಗೆ ಸೇರಲು ಬೇರೆ ಶಿಫಾರಸು ಬೇಕಿಲ್ಲ.

ಒರೆಗಲ್ಲು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಭೈರವಿಯನ್ನೇ ತೆಗೆದುಕೊಳ್ಳಬಹುದು. ಈ ರಾಗದಲ್ಲಿ ಎರಡು ಮೇರುಕೃತಿಗಳಿವೆ: ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಅಟತಾಳದ ವರ್ಣ ‘ವಿರಿಬೋಣಿ’, ಮತ್ತು ಅವರ ಶಿಷ್ಯರಾದ ಶ್ಯಾಮಾಶಾಸ್ತ್ರಿಗಳ ಮಿಶ್ರಚಾಪು ತಾಳದ ಸ್ವರಜತಿ. ಗುರುವಿನ ವರ್ಣ ಭೈರವಿಯ ವ್ಯಾಕರಣ. ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ ಹೇಗೆ ಬರಬೇಕು, ಯಾವ ಸ್ವರವನ್ನು ಎಷ್ಟು ತೂಗಬೇಕು ಎಂಬುದನ್ನೆಲ್ಲ ಅದು ಕಲಿಸುತ್ತದೆ. ಶಿಷ್ಯನ ಸ್ವರಜತಿಯಲ್ಲಿ ಎಂಟು ಚರಣಗಳು; ಮೊದಲನೆಯದು ಷಡ್ಜದಿಂದ, ಎರಡನೆಯದು ರಿಷಭದಿಂದ, ಹೀಗೆ ಒಂದೊಂದು ಸ್ವರ ಮೇಲೇರಿ ಎಂಟನೆಯದು ತಾರಷಡ್ಜದಲ್ಲಿ ಮೊದಲಾಗುತ್ತದೆ. ಪ್ರತಿ ಸ್ವರವೂ ಒಮ್ಮೆ ಬಾಗಿಲಾಗುತ್ತದೆ. ಅಲ್ಲಿಂದ ನೋಡಿದಾಗ ಅದೇ ರಾಗ ಬೇರೆ ಮುಖ ತೋರುತ್ತದೆ. ತಾಯಿಯಲ್ಲಿ ಮೊರೆಯಿಡುವ ಮಗುವಿನ ಆರ್ತತೆ ಸ್ವರದೊಡನೆ ಮೆಟ್ಟಿಲೇರುತ್ತಾ ಹೋಗುತ್ತದೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕಾದರೆ ಸ್ವರಜತಿ ಉಳಿಯಬೇಕು. ವರ್ಣ ಕಲಿಸುವ ವ್ಯಾಕರಣದ ಸಾರ ಸ್ವರಜತಿಯಲ್ಲಿ ಅಡಗಿದೆ. ಸ್ವರಜತಿಯ ಆರ್ತತೆ ವರ್ಣದಲ್ಲಿ ಇಲ್ಲ. ‘ವಿರಿಬೋಣಿ’ಯಂಥ ವರ್ಣವನ್ನು ಬಿಡುವುದು ಸಂಕಟವೇ. ಆ ಸಂಕಟ ಪಡದ ಪಟ್ಟಿಗೆ ಬೆಲೆಯಿಲ್ಲ.

ಮೈಸೂರಿನ ಕೇಳುಗನಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕಾವೇರಿ ತೀರದ ತ್ರಿಮೂರ್ತಿಗಳ ಕೃತಿಗಳನ್ನಷ್ಟೇ ಬರೆದುಕೊಂಡು ಸುಮ್ಮನಾದರೆ ಅದು ಎರವಲು ಪಟ್ಟಿ. ಊರಿನವರೆಂಬ ಕಾರಣಕ್ಕೇ ಅರ್ಧ ಪಟ್ಟಿಯನ್ನು ಆಸ್ಥಾನದ ರಚನೆಗಳಿಂದ ತುಂಬಿದರೆ ಅದು ಸನ್ಮಾನ ಸಮಾರಂಭ. ಎರಡೂ ಸಲ್ಲ. ಅದೇ ಒರೆಗಲ್ಲಿಗೆ ಊರಿನ ಕೃತಿಗಳನ್ನೂ ಹಚ್ಚಬೇಕು.

ಹಚ್ಚಿದಾಗ ಕೆಲವು ಗಟ್ಟಿಯಾಗಿ ನಿಲ್ಲುತ್ತವೆ. ಮೈಸೂರು ವಾಸುದೇವಾಚಾರ್ಯರು (1865–1961) ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಅವರ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ 1980ರ ‘ಶಂಕರಾಭರಣಂ’ ಚಿತ್ರದಿಂದ ಮನೆಮನೆಗೂ ತಲುಪಿತು. ಸಿನಿಮಾ ಕೊಟ್ಟ ಹೆಸರು ಅದರ ಗುಣಕ್ಕೆ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಜಾವಳಿಗಳ ಲಾಲಿತ್ಯಕ್ಕೆ ಹೆಸರಾದ ಖಮಾಚ್ ಇಲ್ಲಿ ಲಾಲಿತ್ಯ ಬಿಡದೆಯೇ ಕಚೇರಿಯ ನಡುವೆ ನೆರವಲು, ಕಲ್ಪನಾಸ್ವರದ ಭಾರ ಹೊರುತ್ತದೆ. ಆ ಕೆಲಸವನ್ನು ಇಷ್ಟು ಸಲೀಸಾಗಿ ಮಾಡುವ ಮತ್ತೊಂದು ಕೃತಿ ಸುಲಭಕ್ಕೆ ಸಿಗದು. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಮೈಸೂರು ಆಸ್ಥಾನದಲ್ಲಿದ್ದಾಗ ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಹೆಚ್ಚಿನವು ಕಚೇರಿಗೆ ಅಪರೂಪ. ಮೋಹನಕಲ್ಯಾಣಿಯ ‘ಭುವನೇಶ್ವರಿಯ’ ಮಾತ್ರ ಎಲ್ಲೆಡೆ ಹಾಡಲ್ಪಡುತ್ತದೆ. ಮೋಹನದಂತೆ ಏರಿ ಕಲ್ಯಾಣಿಯಂತೆ ಇಳಿಯುವ ಈ ರಾಗ ಭಾಗವತರೇ ರೂಪಿಸಿದ್ದೆಂದು ಪ್ರತೀತಿ. ಖರಹರಪ್ರಿಯಕ್ಕೆ ಹೇಳಿದ ಮಾತು ಚಿಕ್ಕ ಪ್ರಮಾಣದಲ್ಲಿ ಇದಕ್ಕೂ ಸಲ್ಲುತ್ತದೆ: ಕೇಳುಗರು ರಾಗವನ್ನು ಗುರುತಿಸುವುದೇ ಈ ಕೃತಿಯಿಂದ.

ಸ್ವಂತ ಆಯ್ಕೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಮೈಸೂರಿನಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ಅದು ಜಯಚಾಮರಾಜ ಒಡೆಯರ್ (1919–1974) ಅವರ ಬದುಕು. ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳ ಬಹುದೊಡ್ಡ ಸಂಗ್ರಹ ಅವರಲ್ಲಿತ್ತು. ಎಲ್ಲವೂ ಕೈಗೆ ಸಿಗುವ ಸ್ಥಿತಿ ಆ ಕಾಲಕ್ಕೇ ಅವರದಾಗಿತ್ತು. ಅಷ್ಟೆಲ್ಲ ಕೇಳಿದ ಮೇಲೆ ಅವರ ಮನಸ್ಸು ನಿಂತದ್ದು ಲಂಡನ್ನಿನಲ್ಲಿ ನೆಲೆಸಿದ್ದ, ಜಗತ್ತು ಹೆಚ್ಚುಕಡಿಮೆ ಮರೆತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಮೇಲೆ. ವಿಮರ್ಶಕರ ಪಟ್ಟಿಗಳಲ್ಲಿ ಆ ಹೆಸರು ಮೇಲಿನ ಸಾಲಿನಲ್ಲಿ ಇರಲಿಲ್ಲ. ಒಡೆಯರು ಆ ಪಟ್ಟಿಗಳನ್ನು ಕೇಳಲೂ ಇಲ್ಲ. ಅವರು ಹಣ ಒದಗಿಸಿದ್ದರಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ಆರೋಗ್ಯ ಕೆಟ್ಟಿದ್ದ ಮೆಟ್ನರ್ ತಮ್ಮ ಮೂರೂ ಪಿಯಾನೊ ಕಂಚರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದೊಂದಿಗೆ 1947ರಲ್ಲಿ ತಾವೇ ನುಡಿಸಿ ಧ್ವನಿಮುದ್ರಿಸಿದರು. ಮೂರನೆಯ ಕಂಚರ್ಟೊ ಮೈಸೂರು ಮಹಾರಾಜರಿಗೇ ಅರ್ಪಿತವಾಗಿದೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಸಂಯೋಜಕನದೇ ಕೈಯ ನುಡಿಸಾಣಿಕೆ ಇಂದಿಗೂ ಕೇಳಸಿಗುತ್ತಿದ್ದರೆ ಒಬ್ಬ ಕೇಳುಗನ ಹಟದ ಆಯ್ಕೆಯೇ ಅದಕ್ಕೆ ಕಾರಣ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರು ರಿಚರ್ಡ್ ಸ್ಟ್ರಾಸರ ‘ಕಡೆಯ ನಾಲ್ಕು ಹಾಡುಗಳ’ನ್ನು ಮೊದಲ ಬಾರಿಗೆ ಹಾಡಿದ ಕಚೇರಿಗೂ ಹಣಕಾಸಿನ ಬೆಂಬಲ ಒಡೆಯರದೇ.

ಅದೇ ಒಡೆಯರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದತ್ತ ಹೊರಳಿ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ರಾಜರ ರಚನೆ ಎಂಬ ಕಾರಣಕ್ಕೆ ಅವೆಲ್ಲವನ್ನೂ ಹೊತ್ತುಕೊಳ್ಳಬೇಕಿಲ್ಲ. ಗಂಭೀರನಾಟದ ‘ಶ್ರೀ ಜಾಲಂಧರ’ ಒಂದು ಸಾಕು. ಐದೇ ಸ್ವರಗಳ ರಾಗ, ರಿಷಭ ಧೈವತಗಳಿಲ್ಲ. ಅಷ್ಟರಲ್ಲೇ ಕಚೇರಿಯ ಆರಂಭಕ್ಕೆ ಬೇಕಾದ ಬಿಗುವನ್ನು ಅದು ಕಟ್ಟಿಕೊಡುತ್ತದೆ.

ಪಟ್ಟಿಯ ವಿರುದ್ಧ ಬರುವ ವಾದಗಳಲ್ಲಿ ಎರಡು ಗೌರವಕ್ಕೆ ಅರ್ಹ. ಮೊದಲನೆಯದು ಮನೋಧರ್ಮದ ವಾದ. ಕರ್ನಾಟಕ ಸಂಗೀತದ ಜೀವ ಆಲಾಪನೆ, ತಾನ, ನೆರವಲು, ಕಲ್ಪನಾಸ್ವರಗಳಲ್ಲಿದೆ. ಕೃತಿಗಳ ಪಟ್ಟಿ ಆ ಜೀವವನ್ನು ಹಿಡಿಯಲಾರದು ಎಂಬುದು ಇದರ ತಿರುಳು. ರಾಗ-ತಾನ-ಪಲ್ಲವಿ ಕೇಳಿದವರಾರೂ ಇದನ್ನು ತಳ್ಳಿಹಾಕಲಾರರು. ಆದರೂ ನೆರವಲು ಕೂರುವುದು ಕೃತಿಯ ಒಂದು ಸಾಲಿನ ಮೇಲೆ, ಕಲ್ಪನಾಸ್ವರ ಬಂದು ಸೇರುವುದು ಕೃತಿಯ ಎಡುಪಿಗೆ. ಆಲಾಪನೆಯ ಸಂಚಾರಗಳೂ ಬಹುಪಾಲು ದೊಡ್ಡ ಕೃತಿಗಳಿಂದ ಕಲಿತವೇ. ಕೃತಿಯನ್ನು ಬಲ್ಲವನಿಗೇ ವಿದ್ವಾಂಸ ಎಲ್ಲಿ ಹೊಸ ದಾರಿ ಹಿಡಿದ ಎಂಬುದು ತಿಳಿಯುವುದು. ಆದ್ದರಿಂದ ಈ ವಾದ ಪಟ್ಟಿಗೆ ಒಂದು ಮಿತಿಯನ್ನು ತೋರಿಸುತ್ತದೆ, ಪಟ್ಟಿಯನ್ನು ಅಳಿಸುವುದಿಲ್ಲ.

ಎರಡನೆಯದು, ಪಟ್ಟಿಗಳಿಂದ ಕಚೇರಿ ಬಡವಾಗುತ್ತದೆ ಎಂಬ ಆತಂಕ. ಎಲ್ಲರೂ ಅವೇ ಕೃತಿಗಳನ್ನು ಕೇಳಬಯಸಿದರೆ ಹಾಡುವವರೂ ಅವನ್ನೇ ಹಾಡುತ್ತಾರೆ. ಮೈಸೂರು ಸದಾಶಿವರಾಯರಂಥವರ ಕೃತಿಗಳು ಮೂಲೆ ಸೇರುತ್ತವೆ. ಇದು ನಿಜವಾಗಿಯೂ ನಡೆಯುತ್ತಿದೆ. ಆದರೆ ಇದರ ದೋಷ ಎಲ್ಲರಿಗೂ ಒಂದೇ ಎಂದು ಹಂಚಲಾಗುವ ಪಟ್ಟಿಗಳದು. ಒಬ್ಬೊಬ್ಬರೂ ತಾವೇ ಕೇಳಿ ಆರಿಸಿದರೆ ಪಟ್ಟಿಗಳು ಒಂದರಂತೊಂದು ಇರುವುದಿಲ್ಲ. ಮೆಟ್ನರ್‌ನ ಉದಾಹರಣೆ ತೋರಿಸುವುದೂ ಇದನ್ನೇ. ಇನ್ನು, ಎಲ್ಲವೂ ಅಭಿರುಚಿಗೆ ಬಿಟ್ಟದ್ದು, ಚರ್ಚೆಯೇ ಬೇಡ ಎನ್ನುವವರು ಕೇಳುವ ಶ್ರಮವನ್ನು ತಪ್ಪಿಸಿಕೊಳ್ಳುತ್ತಿದ್ದಾರೆ, ಅಷ್ಟೆ.

ಈ ಒರೆಗಲ್ಲಿಗೆ ಹಚ್ಚಿ ಮೈಸೂರಿನ ಕೇಳುಗನಿಗೆ ಹತ್ತು ಕೃತಿಗಳನ್ನು ಹೀಗೆ ಆರಿಸಬಹುದು. ಶ್ಯಾಮಾಶಾಸ್ತ್ರಿಗಳ ಭೈರವಿ ಸ್ವರಜತಿ. ತ್ಯಾಗರಾಜರ ‘ಚಕ್ಕನಿ ರಾಜ’, ಮತ್ತು ಪಂಚರತ್ನಗಳಲ್ಲಿ ಶ್ರೀರಾಗದ ‘ಎಂದರೋ ಮಹಾನುಭಾವುಲು’. ದೀಕ್ಷಿತರ ಚೌಕಕಾಲದ ಗಾಂಭೀರ್ಯಕ್ಕೆ ಶಂಕರಾಭರಣದ ‘ಅಕ್ಷಯಲಿಂಗ ವಿಭೋ’. ನವಾವರಣದಿಂದ ಆಹಿರಿಯ ‘ಶ್ರೀ ಕಮಲಾಂಬಾ ಜಯತಿ’. ಪುರಂದರದಾಸರ ‘ಜಗದೋದ್ಧಾರನ’, ಕಾಪಿಯಲ್ಲಿ. ಸಾಹಿತ್ಯದ ಅರ್ಥವೂ ನಾದವೂ ಒಂದೇ ಕ್ಷಣದಲ್ಲಿ ಕನ್ನಡಿಗನ ಕಿವಿಗೆ ಮುಟ್ಟುವ ಸುಖ ಬೇರೆ ಭಾಷೆಯ ಕೃತಿ ಕೊಡಲಾರದು. ಬಿಡಾರಂ ಕೃಷ್ಣಪ್ಪನವರು ದೇವರನಾಮಗಳಿಗೆ ಕಚೇರಿಯಲ್ಲಿ ಮರ್ಯಾದೆಯ ಜಾಗ ಕೊಟ್ಟದ್ದು ಈ ಅರಿವಿನಿಂದಲೇ. ನಂತರ ‘ಬ್ರೋಚೇವಾರೆವರುರಾ’, ‘ಭುವನೇಶ್ವರಿಯ’, ‘ಶ್ರೀ ಜಾಲಂಧರ’. ಹತ್ತನೆಯದು ವೀಣೆ ಶೇಷಣ್ಣನವರ ಒಂದು ತಿಲ್ಲಾನ, ಮೈಸೂರು ಬಾನಿಯ ವೀಣೆಯಲ್ಲಿ. ಮೀಟು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುವ ಆ ನುಡಿಸಾಣಿಕೆಗೆ ಬಾಯಿಹಾಡು ಬದಲಿಯಾಗದು.

ಪಟ್ಟಿ ಒಮ್ಮೆ ಬರೆದು ಮುಗಿಸುವಂಥದ್ದಲ್ಲ. ದಸರೆಯ ಅರಮನೆ ವೇದಿಕೆ, ರಾಮನವಮಿಯಲ್ಲಿ ಪ್ರಸನ್ನ ಸೀತಾರಾಮ ಮಂದಿರ, ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವ, ಕುವೆಂಪುನಗರದ ವೀಣೆ ಶೇಷಣ್ಣ ಭವನ, ಇಷ್ಟು ಕಡೆ ಒಂದೇ ಕೃತಿಯನ್ನು ಬೇರೆಬೇರೆ ವಿದ್ವಾಂಸರಿಂದ ಕೇಳುವ ಅವಕಾಶ ಈ ಊರಿನಲ್ಲಿದೆ. ಯಾರು ಹಾಡಿದರೂ ಬತ್ತದ ಕೃತಿ ಉಳಿಯಲಿ, ಒಬ್ಬರ ಕಂಠಬಲದಿಂದಷ್ಟೇ ನಿಂತದ್ದು ಜಾಗ ಬಿಡಲಿ. ಹೊಸದೊಂದು ಸೇರಬೇಕಾದರೆ ಹಳೆಯದೊಂದು ಹೊರಡಬೇಕು, ಯಾಕೆ ಹೊರಟಿತೆಂದು ಕೇಳುಗನಿಗೆ ಹೇಳಲು ಬರಬೇಕು. ಹಾಗೆ ಹೇಳಬಲ್ಲವನ ಪಟ್ಟಿ ಚಿಕ್ಕದಾದರೂ ಅವನದೇ.