ಗರಿಯ ಪೀಪಿ

ಈ ವರ್ಷದ ಗರಿಗಳ ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದು ಕೊಡೆ ಬಿಡಿಸುತ್ತಿದ್ದೆ. ನಮ್ಮ ಸಭೆಯ ಹಿರಿಯರೊಬ್ಬರು ಹತ್ತಿರ ಬಂದು, "ಇದೆಂತದು ಟೀಚರೇ, ಚರ್ಚಾ, ಜಾತ್ರೆಯಾ?" ಎಂದು ಕೇಳಿದರು.

ನಡೆದದ್ದು ಇಷ್ಟು. ಈಸ್ಟರಿನ ಹಿಂದಿನ ಭಾನುವಾರ, ಯೇಸು ಕತ್ತೆಯ ಮೇಲೆ ಕುಳಿತು ಯೆರೂಸಲೇಮಿಗೆ ಬಂದದ್ದರ ನೆನಪಿಗಾಗಿ ನಾವು ತೆಂಗಿನ ಗರಿ ಹಿಡಿದು ಚರ್ಚಿಗೆ ಒಂದು ಸುತ್ತು ಬರುತ್ತೇವೆ. ದೊಡ್ಡವರು ಮುಂದೆ. ಯುವಜನ ಸಂಘದ ಹುಡುಗ ಹುಡುಗಿಯರು ಹಿಂದೆ, ಬಿಸಿಲಿಗೆ ಗರಿಯನ್ನು ತಲೆಗೆ ಅಡ್ಡ ಹಿಡಿದು, ಮೊಬೈಲು ನೋಡುತ್ತಾ. ಈ ಸಲ ಶನಿವಾರವೇ ಅವರನ್ನೆಲ್ಲ ನಮ್ಮ ಅಂಗಳಕ್ಕೆ ಕರೆದೆ. ಎರಡು ಮಡಲು ಕಡಿಸಿ ಹಾಕಿ, "ಇದರಲ್ಲಿ ಏನೆಲ್ಲ ಮಾಡಲಿಕ್ಕೆ ಬರುತ್ತದೋ ಮಾಡಿ" ಎಂದೆ. ಒಬ್ಬರಿಗೂ ಏನೂ ಬರುತ್ತಿರಲಿಲ್ಲ! ಕೊನೆಗೆ ಪಕ್ಕದ ಮನೆಯ ಅಜ್ಜಿ ಬೇಲಿ ದಾಟಿ ಬಂದು ಪೀಪಿ, ಗಿಳಿ, ಹಾವು ಎಲ್ಲ ಕಲಿಸಿದರು. "ಇದೆಲ್ಲ ಎಂತಕ್ಕೆ ಮಕ್ಕಳೇ?" ಎಂದು ಅವರು ಕೇಳಿದಾಗ ಹದಿನೇಳು ವರ್ಷದ ಒಬ್ಬ ಹುಡುಗ, ಸಂಡೇ ಸ್ಕೂಲಿನಲ್ಲಿ ಬಾಯಿ ಬಿಡದವನು, ಕತ್ತೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಮರುದಿನ ಇಪ್ಪತ್ತು ಪೀಪಿ ಊದುತ್ತಾ ನಮ್ಮ ಮೆರವಣಿಗೆ ಹೊರಟಿತು. ಗದ್ದಲವಾಯಿತು, ಇಲ್ಲವೆನ್ನುವುದಿಲ್ಲ.

ಆದರೆ ಜಾತ್ರೆಯಾ ಎಂದು ಕೇಳಿದವರು ಆ ದಿನದ ಪಾಠವನ್ನೇ ಕೇಳಿಸಿಕೊಂಡಿರಲಿಲ್ಲವೆ? ಪಸ್ಕಹಬ್ಬಕ್ಕೆ ಊರೂರಿನ ಯಾತ್ರಿಕರು ಸೇರಿದ್ದ ಯೆರೂಸಲೇಮು ಜಾತ್ರೆಯಲ್ಲದೆ ಮತ್ತೇನು? ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯ ಓದಿ. ದೇವಾಲಯದೊಳಗೆ ಮಕ್ಕಳು ಕೂಗುತ್ತಾರೆ, ಮುಖ್ಯ ಯಾಜಕರಿಗೆ ಸಿಟ್ಟು ಬರುತ್ತದೆ, ಯೇಸು ಮಕ್ಕಳ ಪಕ್ಷ ವಹಿಸುತ್ತಾನೆ. ನಾವು ಪ್ರತಿವರ್ಷ ಈ ಕತೆಯನ್ನು ಸ್ಮರಿಸಿ, ಪ್ರತಿವರ್ಷ ಯಾಜಕರ ಜಾಗದಲ್ಲೇ ನಿಲ್ಲುತ್ತೇವೆ.

ಹೀಗೆ ಹೇಳಲು ನನಗೇನು ಅಧಿಕಾರ ಎನ್ನಬೇಡಿ. ನಾನೂ ಅಲ್ಲೇ ನಿಂತವಳು. ಮದುವೆಯಾದ ಹೊಸದರಲ್ಲಿ ಸಂಡೇ ಸ್ಕೂಲಿನ ವಾರ್ಷಿಕ ಪರೀಕ್ಷೆಗೆ, "ಸಮಾಧಿಯ ಕಲ್ಲನ್ನು ಉರುಳಿಸಿದವರು ಯಾರು?" ಎಂದು ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗ ಉತ್ತರ ಬರೆಯದೆ ಚಿತ್ರ ಬರೆದಿದ್ದ. ಉರುಳಿದ ಕಲ್ಲಿನ ಮೇಲೆ ದೇವದೂತ ಕಾಲು ಇಳಿಬಿಟ್ಟು, ನಮ್ಮೂರ ಕಟ್ಟೆಯ ಮೇಲೆ ಹುಡುಗರು ಕೂರುವ ಹಾಗೆ ಕೂತಿದ್ದ. ನಾನು ಸೊನ್ನೆ ಹಾಕಿದೆ. ಸಾಲದ್ದಕ್ಕೆ ಎಲ್ಲರ ಮುಂದೆ ಹಾಳೆ ಎತ್ತಿ ತೋರಿಸಿದೆ. ವರ್ಷಗಳ ನಂತರ ಮತ್ತಾಯನನ್ನು ನಿಧಾನವಾಗಿ ಓದುವಾಗ ಕಂಡಿತು: ದೂತನು ಕಲ್ಲನ್ನು ಉರುಳಿಸಿ ಅದರ ಮೇಲೆ ಕುಳಿತನೆಂದು ಅಲ್ಲೇ ಇದೆ. ಹುಡುಗನ ಉತ್ತರ ನನ್ನ ಪ್ರಶ್ನೆಗಿಂತ ಪೂರ್ತಿಯಾಗಿತ್ತು. ಅವನಿಗೀಗ ಎರಡು ಮಕ್ಕಳು. ಯಾರಾದರೂ ತೀರಿಕೊಂಡರೆ ಮಾತ್ರ ಚರ್ಚಿಗೆ ಬರುತ್ತಾನೆ; ಆಗಲೂ ಹೊರಗೆ ಮರದ ಕೆಳಗೆ ನಿಲ್ಲುತ್ತಾನೆ.

"ಯುವಜನರು ಬರುವುದಿಲ್ಲ" ಎಂದು ಪ್ರತಿ ಸಭೆಯಲ್ಲೂ ಗೋಳು. ಪರಿಹಾರವೆಂದರೆ ಡ್ರಮ್ಸು, ಬಣ್ಣದ ದೀಪ, ಹೊರಗಿನಿಂದ ಕರೆಸಿದ ಭಾಷಣಕಾರ. ಅದೂ ಕೂತು ನೋಡುವುದೇ ತಾನೆ? ವರ್ಷವಿಡೀ ನಮ್ಮ ಪಂಚಾಂಗವೇ ಆಟಕ್ಕೆ ಕರೆಯುತ್ತಿರುತ್ತದೆ. ಆಗಮನ ಕಾಲದಲ್ಲಿ ವಾರಕ್ಕೊಂದು ಮೇಣದ ಬತ್ತಿ. ಪಂಚಾಶತ್ತಮ ಹಬ್ಬಕ್ಕೆ ಒಂದೇ ಪಾಠವನ್ನು ತುಳು, ಕೊಂಕಣಿ, ಕನ್ನಡ, ಮಲಯಾಳದಲ್ಲಿ ಮಕ್ಕಳು ಒಟ್ಟಿಗೇ ಓದಲಿ, ಆ ಗದ್ದಲದಲ್ಲಿ ನಿಮ್ಮ ಮನೆಮಾತು ಕಿವಿಗೆ ಬೀಳುವಾಗ ಏನಾಗುತ್ತದೆ ನೋಡಿ. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಗೋದಲಿ ಮಾಡಿದರು. ಅದು ಹುಡುಗಾಟವೆಂದು ಯಾರಾದರೂ ತಡೆದಿದ್ದರೆ ಇಂದು ನಮ್ಮ ಜಗಲಿಗಳಲ್ಲಿ ಗೋದಲಿ ಇರುತ್ತಿತ್ತೆ? ಮಂಗಳೂರಿನ ಕಥೋಲಿಕ ಮಕ್ಕಳನ್ನೇ ನೋಡಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಳಿಗೆ ಅರ್ಪಿಸುತ್ತಾರೆ. ಮಳೆಯಲ್ಲಿ ಬೇಲಿ ಬೇಲಿ ಹುಡುಕಿ ಹೂ ಕೊಯ್ದ ಕೈ ಆ ಹಬ್ಬವನ್ನು ಮರೆಯುತ್ತದೆಯೆ? ನಾವು ಪ್ರೊಟೆಸ್ಟೆಂಟರು ನಮ್ಮ ಮಕ್ಕಳಿಗೆ ಬಾಯಿಪಾಠವನ್ನೂ, ಬಹುಮಾನಕ್ಕೆ ಸ್ಟೀಲು ಲೋಟವನ್ನೂ ಕೊಟ್ಟೆವು.

ಶುಭ ಶುಕ್ರವಾರವೂ ಆಡಬೇಕೆ ಎಂದು ಹಿರಿಯರು ಕುಟುಕಿದರು. ಇಲ್ಲ. ಆ ದಿನ ಅದೇ ಮಕ್ಕಳು ಮೂರು ಗಂಟೆ ತುಟಿ ಬಿಚ್ಚದೆ ಕೂತಿದ್ದರು, ಯಾರೂ ಗದರಿಸಬೇಕಾಗಲಿಲ್ಲ. ಭಾನುವಾರ ಪೀಪಿ ಊದಿದವರಿಗೆ ಶುಕ್ರವಾರದ ಮೌನ ಏನೆಂದು ತಿಳಿದಿತ್ತು.

ಪೀಪಿಗಳನ್ನು ಎಸೆಯಲಿಲ್ಲ. ಒಂದು ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ಒಣಗುತ್ತಿವೆ. ಬರುವ ವರ್ಷ ಲೆಂಟ್ ಆರಂಭವಾಗುವ ಬೂದಿ ಬುಧವಾರಕ್ಕೆ ಹಣೆಗೆ ಹಚ್ಚುವ ಬೂದಿ ಅವುಗಳದೇ; ಮಕ್ಕಳೇ ಸುಡುತ್ತಾರೆ. ಬೆಂಕಿಪೊಟ್ಟಣ ನೀವೇ ತರಬೇಕೆಂದು ಹಿರಿಯರಿಗೆ ಈಗಲೇ ಹೇಳಿಟ್ಟಿದ್ದೇನೆ. ಮರದ ಕೆಳಗೆ ನಿಲ್ಲುವವನ ಮನೆಗೂ ಒಂದು ದಿನ ಹೋಗಬೇಕು. ಅವನ ಚಿಕ್ಕ ಮಗಳು ಗೋಡೆ ತುಂಬಾ ಚಿತ್ರ ಬರೆಯುತ್ತಾಳಂತೆ.